ಬಣ್ಣದ ಶೆಡ್ಡಿನ ಫೋನು

ನನ್ನ ತಮ್ಮ ಡೆಲ್ಬರ್ಟ್ ಸತ್ತಿದ್ದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅಂತ ನಾವೆಲ್ಲ ಸೇರಿ ಅವನ ಹೆಂಡತಿ ಲೆನೋರಾಗೆ ಹೇಳಿದ್ದೆವು. ನಾವೆಲ್ಲ ಅಂದರೆ ನಾನು, ನನ್ನ ಗಂಡ ವರ್ಲಿನ್, ಫ್ಯಾಕ್ಟರಿ ಯಜಮಾನ ಹಾರ್ಲನ್, ಚರ್ಚಿನ ಪಾದ್ರಿ. ನೋವೇ ಗೊತ್ತಾಗಿಲ್ಲಮ್ಮ, ನಿಂತವನು ನಿಂತ ಹಾಗೇ ಹೋಗಿಬಿಟ್ಟ, ಅಂಥ ಸಾವು ಎಷ್ಟು ಜನಕ್ಕೆ ಸಿಗುತ್ತೆ ಹೇಳು ಅಂದೆವು. ಅವಳು ನಂಬಿದಳು. ನಂಬಿದ್ದರಿಂದಲೇ ಹಾಸಿಗೆಯಿಂದ ಎದ್ದಳು, ಎರಡು ತುತ್ತು ಉಂಡಳು, ಮತ್ತೆ ಕೆಲಸಕ್ಕೆ ಬಂದಳು. ಆ ಒಂದು ಸುಳ್ಳು ಅವಳ ಕೈ ತಪ್ಪಿ ಹೋಗದಿರಲಿ ಅಂತ ನಾನು ಅವತ್ತಿನಿಂದ ಕಾವಲು ಕೂತಿದ್ದೆ.

ನಿಜ ಏನು ಅಂತ ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡು ಆಟ ಆಡಿಸುವುದು ನನ್ನ ಜಾಯಮಾನವಲ್ಲ. ಡೆಲ್ಬರ್ಟ್ ನಿಂತ ಹಾಗೇ ಹೋಗಲಿಲ್ಲ. ಎದೆ ಹಿಡಿದುಕೊಂಡು ಬಿದ್ದ. ಬಿದ್ದವನು ಗೋಡೆಯ ಫೋನಿನ ತನಕ ತೆವಳಿಕೊಂಡು ಹೋದ, ತುರ್ತಿನ ನಂಬರು ಒತ್ತಿದ. ಕರೆ ಹೋಯಿತು, ಆದರೆ ಅವನ ಬಾಯಿಂದ ಮಾತು ಹೊರಡಲಿಲ್ಲ. ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ತುರ್ತು ಕೇಂದ್ರದಲ್ಲಿ ಕೂತಿದ್ದ ಗ್ವೆನ್, ಯಾಕೆ ಯಾರೂ ಮಾತಾಡುತ್ತಿಲ್ಲ ಅಂತ ಕೇಳಲು ವಾಪಸು ಫೋನ್ ಮಾಡಿದಳು. ಅದು ಬಂದಿದ್ದು ಆಫೀಸಿನ ಮುಂದಿನ ಮೇಜಿಗೆ. ಅಲ್ಲಿ ಕೂತು ಫೋನು ನೋಡಿಕೊಳ್ಳುತ್ತಿದ್ದವಳು ಲೆನೋರಾ. ಯಾರೋ ತಪ್ಪಿ ಒತ್ತಿದ್ದಾರೆ, ಆಂಬ್ಯುಲೆನ್ಸ್ ಕಳಿಸಬೇಡ ಅಂದವಳು ಅವಳೇ.

ಇಷ್ಟು ಕೇಳಿ ಇವಳೆಂಥ ಹೆಂಗಸು ಅಂತ ನಿಮಗೆ ಅನ್ನಿಸಿದ್ದರೆ ನಿಮ್ಮ ನಾಲಿಗೆಗೆ ನಾನೇ ಬರೆ ಹಾಕುತ್ತೇನೆ. ನಮ್ಮ ಫ್ಯಾಕ್ಟರಿಯ ಫೋನುಗಳ ಕಥೆ ಕೇಳಿ ಆಮೇಲೆ ಮಾತಾಡಿ.

ನಾವು ಮಾಡುವುದು ಕಿಟಕಿ ಚೌಕಟ್ಟು. ಆಫೀಸು, ದೊಡ್ಡ ಶೆಡ್ಡು ರೈಲು ಹಳಿಯ ಈಚೆ. ಚೌಕಟ್ಟುಗಳಿಗೆ ಬಣ್ಣ ಹೊಡೆಯುವ ಶೆಡ್ಡು ಹಳಿಯ ಆಚೆ. ಫೋನುಗಳು ಹಾರ್ಲನ್ನನ ಅಪ್ಪನ ಕಾಲದವು. ಹೊರಗಿನ ಲೈನು ಬೇಕಾದರೆ ಮೊದಲು ಒಂಬತ್ತು ಒತ್ತಬೇಕು, ದೂರದ ಊರಾದರೆ ಆಮೇಲೆ ಒಂದು ಒತ್ತಬೇಕು. ಮರದವರು, ಗಾಜಿನವರು, ಲಾರಿಯವರು ಎಲ್ಲರೂ ದೂರದವರೇ. ದಿನವಿಡೀ ಒಂಬತ್ತು ಒಂದು, ಒಂಬತ್ತು ಒಂದು. ಬೆರಳು ಒಂಚೂರು ತೊದಲಿ ಇನ್ನೊಂದು ಒಂದು ಬಿತ್ತೋ, ಒಂಬತ್ತು ಒಂದು ಒಂದು, ಅದೇ ನಮ್ಮ ದೇಶದ ತುರ್ತಿನ ನಂಬರು. ನೇರ ಗ್ವೆನ್ ಹತ್ತಿರ ಹೋಗುತ್ತಿತ್ತು. ಮಾತು ಕೇಳಿಸದಿದ್ದರೆ ಅವಳು ಆಂಬ್ಯುಲೆನ್ಸಿನವರಿಗೆ ಸುದ್ದಿ ಮುಟ್ಟಿಸಿ, ಕೂಡಲೇ ನಮಗೆ ವಾಪಸು ಫೋನ್ ಮಾಡುತ್ತಿದ್ದಳು. ಯಾವ ಮೂಲೆಯ ಫೋನಿನಿಂದ ಮಾಡಿದರೂ ಗ್ವೆನ್‌ಗೆ ಕಾಣುತ್ತಿದ್ದುದು ಆಫೀಸಿನ ವಿಳಾಸ, ಆಫೀಸಿನ ನಂಬರು ಅಷ್ಟೇ.

ನಮ್ಮೂರ ಆಂಬ್ಯುಲೆನ್ಸ್‌ಗೆ ಸಂಬಳದ ಜನ ಇಲ್ಲ. ಹೊಲದವನು, ಬ್ಯಾಂಕಿನ ಗುಮಾಸ್ತ, ಶಾಲೆಯ ಅಡುಗೆಯವಳು, ಅದರ ಜೊತೆಗೆ ನಮ್ಮ ಫ್ಯಾಕ್ಟರಿಯ ಕೆಲವರು. ನನ್ನ ವರ್ಲಿನ್ ಕೂಡ. ಸೊಂಟದ ಪೇಜರ್ ಕೂಗಿದ ಕೂಡಲೇ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಫ್ಯಾಕ್ಟರಿಯ ಪಕ್ಕದ ಬೀದಿಯಲ್ಲೇ ನಿಂತಿರುವ ಗಾಡಿಗೆ ಓಡುತ್ತಾರೆ. ಅಂಥವರನ್ನು ಸುಮ್ಮಸುಮ್ಮನೆ ಓಡಿಸುವುದು ಅಂದರೆ ನಮ್ಮ ಜನಕ್ಕೆ ತಲೆ ಎತ್ತಿ ಓಡಾಡಲಾಗದಷ್ಟು ನಾಚಿಕೆ. ಪಕ್ಕದ ಮನೆಯವರಿಂದ ಏಣಿ ಕೇಳಿ ತರಬೇಕಾದರೂ ಬಾಗಿಲ ತನಕ ಹೋಗಿ ಎರಡು ಸಲ ವಾಪಸು ಬರುವ ಜನ ನಾವು.

ಆ ನಾಚಿಕೆಯನ್ನು ತಮಾಷೆ ಮಾಡಿಕೊಂಡರೆ ಹಗುರಾಗುತ್ತದಲ್ಲ, ಅದಕ್ಕೆ ಹುಡುಗರು ಒಂದು ಪದ್ಧತಿ ಮಾಡಿದರು. ತಪ್ಪಿ ಒತ್ತಿದವನು ಆಂಬ್ಯುಲೆನ್ಸಿನವರಿಗೆಲ್ಲ ಡೋನಟ್ ತಂದು ಹಂಚಬೇಕು. ಮೊದಮೊದಲು ಎಲ್ಲರೂ ನಕ್ಕೊಂಡು ತಂದರು. ಬರುಬರುತ್ತಾ ಯಾರೂ ಒಪ್ಪಿಕೊಳ್ಳುವುದನ್ನೇ ಬಿಟ್ಟರು. ಒತ್ತಿದ್ದು ತಪ್ಪಾಯಿತು ಅಂತ ಗೊತ್ತಾದ ಕೂಡಲೇ ಬಾಯಿಗೆ ಬೀಗ, ಫೋನು ಕೆಳಗೆ. ಹಾಗಾಗಿ ನಮ್ಮಲ್ಲಿಂದ ಗ್ವೆನ್‌ಗೆ ಮಾತಿಲ್ಲದ ಕರೆ ಹೋಯಿತು ಅಂದರೆ ಅರ್ಥ ಒಂದೇ, ಯಾವನೋ ಡೋನಟ್ ತಪ್ಪಿಸಿಕೊಳ್ಳುತ್ತಿದ್ದಾನೆ.

ಲೆನೋರಾ ಮೊದಲು ಮೈಕಿನಲ್ಲಿ ಯಾರಪ್ಪಾ ಅದು ಅಂತ ಕೂಗಿ ಕೇಳುತ್ತಿದ್ದಳು. ಕೂಗಿದಾಗಲೆಲ್ಲ ಮೆಷಿನು ನಿಂತು ಎಲ್ಲರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸಿ ಹಲ್ಲು ಕಿಸಿಯುತ್ತಿದ್ದರು. ಹಾರ್ಲನ್‌ಗೆ ಅದು ಸರಿಬೀಳಲಿಲ್ಲ. ಕೇಳುವುದು ಗೀಳುವುದು ಬೇಡ, ತಪ್ಪಾಯ್ತು ಅಂತ ಗ್ವೆನ್‌ಗೆ ಹೇಳಿ ಮುಗಿಸು ಅಂದ. ಅವಳು ಹಾಗೇ ಮಾಡಿದಳು, ಎಷ್ಟು ಚುರುಕಾಗಿ ಅಂದರೆ ಆಂಬ್ಯುಲೆನ್ಸ್ ಬಾಗಿಲು ತೆಗೆಯುವುದರೊಳಗೆ ಎಲ್ಲ ನಿಂತುಹೋಗಿರುತ್ತಿತ್ತು. ಕ್ರಿಸ್‌ಮಸ್ ಊಟದಲ್ಲಿ ಹಾರ್ಲನ್ ಎದ್ದು ನಿಂತು ಅವಳನ್ನು ಹೊಗಳಿದ್ದೂ ಉಂಟು. ಆಮೇಲೆ ಅವಳು ತಾನೇ ಬಿಸ್ಕತ್ತು ಮಾಡಿ ಡಬ್ಬಿ ತುಂಬಿ ಗ್ವೆನ್‌ಗೆ ಕೊಟ್ಟು ಬಂದಳು, ವರ್ಷವೆಲ್ಲ ನಿನಗೆ ತೊಂದರೆ ಕೊಟ್ಟೆವು ಅಂತ.

ಮಾರ್ಚ್ ತಿಂಗಳು, ಹಿಮ ಕರಗಿ ಅಂಗಳವೆಲ್ಲ ರಾಡಿ. ಬೆಳಗಿನ ಕಾಫಿ ಹೊತ್ತು. ಲೆಕ್ಕದ ಮಾರ್ಗಿಯ ಹುಟ್ಟುಹಬ್ಬ, ಆಫೀಸಿನಲ್ಲಿ ಕೇಕು. ನಾನು ಲಾರಿ ಸಾಗಣೆಯ ಮೇಜಿನವಳು, ಲೆನೋರಾಳ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ. ಡೆಲ್ಬರ್ಟ್ ಮಾತ್ರ ಬಂದಿರಲಿಲ್ಲ. ಹಸಿ ಬಣ್ಣ ಬಿಟ್ಟು ಬರಲಾಗದು ಅಂತ ಅವನು ಯಾವತ್ತೂ ಶೆಡ್ಡಿನಲ್ಲೇ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದ. ಫೋನು ಬಂತು, ಲೆನೋರಾ ಎತ್ತಿದಳು, ಗ್ವೆನ್ ಏನೋ ಕೇಳಿದಳು. ಲೆನೋರಾ ಬೆರಳಿಗಂಟಿದ ಕ್ರೀಮು ನೆಕ್ಕುತ್ತಾ, ಯಾವನೋ ಜುಗ್ಗ ಗ್ವೆನ್, ಡೋನಟ್ ಕೊಡೋಕೆ ಕೈ ಬರ್ತಿಲ್ಲ, ಬಿಟ್ಟುಬಿಡು ಅಂದಳು. ಎಲ್ಲರೂ ನಕ್ಕರು. ಪೇಜರ್ ಕೂಗಿದ್ದಕ್ಕೆ ಅಂಗಳದ ತನಕ ಓಡಿದ್ದ ವರ್ಲಿನ್ ವಾಪಸು ಬಂದು, ನನ್ನ ಪಾಲಿನ ಕೇಕು ಎಲ್ಲಿ ಅಂತ ಕೇಳಿದ.

ಕಾಫಿ ಮುಗಿಸಿ ಬಣ್ಣದ ಶೆಡ್ಡಿಗೆ ಮೊದಲು ಹೋದವನೂ ವರ್ಲಿನ್ನೇ. ಡೆಲ್ಬರ್ಟ್ ಗೋಡೆಗೆ ಒರಗಿ ಬಿದ್ದಿದ್ದ. ಫೋನಿನ ಹಿಡಿಕೆ ತಂತಿಯಲ್ಲಿ ತೂಗಾಡುತ್ತಿತ್ತು. ನೆಲದ ಮೇಲೆ ಬಣ್ಣದ ಬಿಳಿ ಪುಡಿ ಯಾವಾಗಲೂ ಕೂತಿರುತ್ತದಲ್ಲ, ಅದರ ಮೇಲೆ ಅವನು ತೆವಳಿದ ಗುರುತು ಆ ತುದಿಯಿಂದ ಈ ತುದಿಗೆ ಎಳೆದಿತ್ತು. ಮೈ ಇನ್ನೂ ಬೆಚ್ಚಗಿತ್ತು. ಎದೆ ಒತ್ತಿ ಒತ್ತಿ ವರ್ಲಿನ್ ಸುಸ್ತಾದ, ಏನೂ ಆಗಲಿಲ್ಲ. ಅಷ್ಟರಲ್ಲಿ ಅವನ ಕೂಗು ಕೇಳಿ ಲೆನೋರಾ ಓಡಿ ಬರುತ್ತಿರುವುದು ಕಂಡಿತು. ಅವನು ಹಿಡಿಕೆಯನ್ನು ಎತ್ತಿ ಇಟ್ಟ, ಪೊರಕೆ ತಗೊಂಡು ಆ ಗುರುತನ್ನು ಗುಡಿಸಿಬಿಟ್ಟ. ಯಾಕೆ ಹಾಗೆ ಮಾಡಿದೆ ಅಂತ ನಾನು ಆಮೇಲೆ ಕೇಳಿದ್ದಕ್ಕೆ, ಅವಳು ನೋಡಬಾರದು ಅಂತ ಅಷ್ಟೇ ಹೊಳೆಯಿತು ಅಂದ.

ಗ್ವೆನ್ ಸುದ್ದಿ ಕೇಳಿದವಳೇ ಆ ಕರೆ ಬಂದ ಹೊತ್ತು ಲೆಕ್ಕ ಹಾಕಿಕೊಂಡಳು, ಪಾದ್ರಿಯ ಹತ್ತಿರ ಹೋಗಿ ಗೋಳೋ ಅಂತ ಅತ್ತಳು. ಪಾದ್ರಿ ನಮ್ಮನ್ನು ಕರೆದು ಕೂರಿಸಿ, ಹೇಳುವುದರಿಂದ ಯಾರಿಗೆ ಒಳ್ಳೆಯದಾಗುತ್ತದೆ ಅಂದರು. ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದವನು ಹಾರ್ಲನ್. ಆಡಿಸದೆ ಏನು ಮಾಡುತ್ತಾನೆ? ಫೋನಿನ ಕಂಪನಿಯವರು ಬಂದು ಬಂದು ಹೇಳಿದ್ದರು: ಈಗ ಕಾನೂನು ಬೇರೆ ಇದೆ, ತುರ್ತಿನ ನಂಬರು ಒತ್ತಿದರೆ ಯಾವ ಕಟ್ಟಡ ಯಾವ ಕೋಣೆ ಅಂತ ಅಲ್ಲಿಯವರಿಗೆ ಕಾಣಬೇಕು, ಮುಂದಿನ ಮೇಜಿಗೂ ತಿಳಿಯಬೇಕು. ಅದು ಹೊಸದಾಗಿ ಹಾಕಿಸುವವರಿಗೆ ತಾನೆ, ನನ್ನದು ಹಳೆಯದು ಅಂತ ಇವನು ಜಾರಿಕೊಂಡಿದ್ದ. ನನ್ನ ತಮ್ಮ ಮಣ್ಣಾದ ಮೇಲೆ ಹೊಸ ಫೋನಿಗೆ ಆರ್ಡರ್ ಕೊಟ್ಟ. ಅವನ ಮುಖ ಕಂಡರೆ ಈಗಲೂ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತದೆ.

ಆ ಬೇಸಿಗೆ ನಾವು ಪಟ್ಟ ಪಾಡು ಯಾರಿಗೂ ಬೇಡ. ಭಾನುವಾರ ಚರ್ಚು ಮುಗಿಸಿ ಲೆನೋರಾ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು. ಬೇಯಿಸಿದ ದನದ ಮಾಂಸ, ಆಲೂಗಡ್ಡೆ ಬಡಿಸಿ ಕೂತರೆ ಅವಳು ಆ ದಿನದ ಕಥೆ ಶುರು ಮಾಡುತ್ತಿದ್ದಳು. ಗಂಡನನ್ನು ಕಳಕೊಂಡವರು ಕೊನೆಯ ದಿನವನ್ನು ಬಿಡಿಸಿ ಬಿಡಿಸಿ ನೋಡುತ್ತಾರಲ್ಲ, ಹಾಗೆ. ಬೆಳಿಗ್ಗೆ ಮೊಟ್ಟೆ ಸ್ವಲ್ಪ ಸೀದಿತ್ತು, ಏನೂ ಅನ್ನದೆ ತಿಂದ. ಅಂಗಿಯ ಗುಂಡಿ ಹೋಗಿತ್ತು, ಸಾಯಂಕಾಲ ಹಾಕಿಕೊಡ್ತೀನಿ ಅಂದಿದ್ದೆ. ಆಮೇಲೆ ಮಾರ್ಗಿಯ ಕೇಕು ಕತ್ತರಿಸಿದೆ, ಅಷ್ಟರಲ್ಲಿ ಗ್ವೆನ್ ಫೋನ್ ಮಾಡಿದಳು, ಯಾರೋ ತಪ್ಪಿ ಒತ್ತಿದ್ದರು. ಈ ಮಾತು ಬಂದ ಕೂಡಲೇ ವರ್ಲಿನ್ ತಟ್ಟೆ ನೋಡುತ್ತಿದ್ದ, ನಾನು ಗ್ರೇವಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಅವಳು ಕಥೆ ಮುಗಿಸುತ್ತಿದ್ದುದು ಒಂದೇ ಮಾತಿನಿಂದ: ಅವನಿಗೆ ನೋವಾಗಲಿಲ್ಲವಲ್ಲ, ಅಷ್ಟು ಸಾಕು ನನಗೆ.

ಅಕ್ಟೋಬರಿನಲ್ಲಿ ಫೋನು ಹಾಕುವ ಹುಡುಗ ಬಂದ. ಕಾಲಿನ್ ಅಂತ, ಸು ಸಿಟಿ ಪಟ್ಟಣದ ಕಡೆಯವನು, ಊರ ಸಂಗತಿ ಒಂದೂ ಗೊತ್ತಿಲ್ಲದವನು. ನನಗೆ ಒಳಗೊಳಗೇ ದಿಗಿಲು. ಆ ದಿನ ಲೆನೋರಾಗೆ ರಜೆ ಕೊಡು ಅಂತ ಹಾರ್ಲನ್ನನ ಬೆನ್ನು ಬಿದ್ದಿದ್ದೆ. ಅವನು ಕೊಟ್ಟ, ಅವಳು ತಗೊಳ್ಳಲಿಲ್ಲ. ಹೊಸ ಯಂತ್ರ ನನ್ನ ಮೇಜಿಗೆ ಬರುವುದು, ನಾನಲ್ಲದೆ ಇನ್ಯಾರು ಕಲಿಯಬೇಕು ಅಂದಳು. ಸರಿ, ಲಾರಿಗಳೆಲ್ಲ ಹಾಳಾಗಿ ಹೋಗಲಿ ಅಂತ ನಾನು ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತೆ.

ಕಾಲಿನ್ ಒಳ್ಳೆಯ ಹುಡುಗ, ತಾಳ್ಮೆಯಿಂದ ಕಲಿಸಿದ. ಯಾರಾದರೂ ತುರ್ತಿನ ನಂಬರು ಒತ್ತಿದರೆ ಈ ಪರದೆಯ ಮೇಲೆ ಯಾವ ಶೆಡ್ಡು, ಯಾವ ಫೋನು ಅಂತ ಬರುತ್ತದೆ. ನೀವು ನೋಡಿ ಅಲ್ಲಿಗೆ ಯಾರನ್ನಾದರೂ ಓಡಿಸಬೇಕು ಅಂದ. ಮೊದಲು ಇದ್ಯಾವುದೂ ಬರ್ತಿರಲಿಲ್ಲವಾ ಅಂತ ಅವಳು ಕೇಳಿದಳು. ಇಲ್ಲ ಮೇಡಂ, ಕೌಂಟಿಯವರು ವಾಪಸು ಮಾಡಿದರೆ ನಿಮಗೆ ಬರೋದು, ಎಲ್ಲಿಂದ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ ಅಂದ. ಅವಳು ಹೂಂ ಅಂತ ಬರೆದುಕೊಂಡಳು. ನಾನು ಉಸಿರು ಬಿಟ್ಟೆ.

ಆಫೀಸು, ದೊಡ್ಡ ಶೆಡ್ಡು ಎಲ್ಲ ಮುಗಿಸಿದ ಮೇಲೆ ಅವನು ಹಳಿ ದಾಟಿ ಬಣ್ಣದ ಶೆಡ್ಡಿಗೆ ಹೋದ. ಅಲ್ಲಿನ ಹಳೆಯ ಫೋನು ಕೀಳುವ ಮೊದಲು ಅದರಿಂದ ಒಂದು ಕರೆ ಮಾಡಿ ನೋಡುತ್ತೇನೆ, ಗ್ವೆನ್‌ಗೆ ಹೇಳಿಟ್ಟಿದ್ದೇನೆ ಅಂದಿದ್ದ. ನಾವಿಬ್ಬರೂ ಕಾಯುತ್ತಾ ಕೂತೆವು. ಮೇಜಿನ ಮೇಲೆ ಹೊಸ ಫೋನು, ಇಬ್ಬರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿತ್ತು. ಸ್ವಲ್ಪ ಹೊತ್ತಿಗೆ ಅದು ಬಡಿದುಕೊಂಡಿತು.

"ಲೆನೋರಾ, ಈಗ ಬಂದಿದ್ದು ನಿಮ್ಮ ಹುಡುಗನದೇ ತಾನೆ?" ಗ್ವೆನ್ ಕೇಳಿದಳು. "ಯಾರೂ ಮಾತಾಡ್ಲಿಲ್ಲ ಕಣೇ. ಬರೀ ಬುಸ್ಸ್ ಅಂತ ಒಂದೇ ಸಮ ಸದ್ದು."

ಬಣ್ಣದ ಹೊಗೆ ಎಳೆಯುವ ದೊಡ್ಡ ಫ್ಯಾನು ಅದು. ಬೇರೆ ಯಾವ ಶೆಡ್ಡಿನಲ್ಲೂ ಇಲ್ಲ. ಅದರ ಗದ್ದಲಕ್ಕೆ ಆ ಹುಡುಗನಿಗೆ ಗ್ವೆನ್ ಹಲೋ ಅಂದಿದ್ದು ಕೇಳಿಸಿರಲಿಕ್ಕಿಲ್ಲ.

ಹೌದು ಅವನದೇ ಅಂತ ಹೇಳಿ ಲೆನೋರಾ ಕರೆ ಮುಗಿಸುವ ಗುಂಡಿ ಒತ್ತಲು ಹೋದಳು. ಕೈ ಅಲ್ಲೇ ನಿಂತಿತು.

"ಇನ್ನೊಂದ್ಸಲ ಹೇಳು ಗ್ವೆನ್. ಎಂಥಾ ಸದ್ದು?"

ಏನಿಲ್ಲ ಬಿಡೇ, ಹುಡುಗನಿಗೆ ಇನ್ನೊಂದು ಸಲ ಮಾಡು ಅನ್ನು ಅಂದಳು ಗ್ವೆನ್.

"ಮಾರ್ಗಿ ಹುಟ್ಟುಹಬ್ಬದ ದಿನಾನೂ ನೀನು ಹಿಂಗೇ ಅಂದಿದ್ದೆ," ಅಂದಳು ಲೆನೋರಾ. "ಬುಸ್ಸ್ ಅಂತಿದೆ ಅಂದೆ. ಫ್ಯಾಕ್ಟರಿ ಅಲ್ವೇನೇ, ಸದ್ದು ಇರದೆ ಇರುತ್ತಾ ಅಂದೆ ನಾನು."

ಗ್ವೆನ್ ಅಳಲು ಶುರು ಮಾಡಿದಳು. ಸುಳ್ಳು ಹೇಳೇ, ಏನಾದರೂ ಒಂದು ಸುಳ್ಳು ಹೇಳೇ ಅಂತ ನಾನು ಮನಸ್ಸಿನಲ್ಲೇ ಅವಳನ್ನು ಬೇಡಿಕೊಂಡೆ. ಅವಳ ಕೈಲಿ ಆಗಲಿಲ್ಲ. ಲೆನೋರಾ ನನ್ನ ಕಡೆ ತಿರುಗಿದಳು.

"ಕಾಫಿ ಹೊತ್ತಲ್ಲಿ ಆ ಶೆಡ್ಡಲ್ಲಿ ಇರ್ತಿದ್ದೋನು ಒಬ್ಬನೇ ಅಲ್ವಾ ರಿಕಾ?"

ಅಷ್ಟು ತಿಂಗಳು ಸುಳ್ಳಿನ ಮೇಲೆ ಸುಳ್ಳು ಪೋಣಿಸಿದ ನನ್ನ ಬಾಯಿ ಆ ಹೊತ್ತಿಗೆ ಕೈ ಕೊಟ್ಟಿತು. ಹಾಗಲ್ಲ ಕಣೇ, ನೀನು ಏನೇನೋ ಅಂದುಕೋಬೇಡ ಅಂತ ತೊದಲಿದೆ. ಬೇರೆ ಯಾರಾದರೂ ಹೋಗಿ ಒತ್ತಿರಬಹುದು ಅಂದೆ. ನನ್ನ ಮುಖವೇ ಅವಳಿಗೆ ಎಲ್ಲ ಹೇಳಿಬಿಟ್ಟಿರಬೇಕು.

"ನಿಂಗೆ ಗೊತ್ತಿತ್ತು," ಅಂದಳು. ಕೇಳಲಿಲ್ಲ, ಹೇಳಿದಳು. "ವರ್ಲಿನ್‌ಗೆ? ಪಾದ್ರಿಗೆ?"

ನಾನು ತಲೆ ತಗ್ಗಿಸಿದೆ.

"ಅವನು ಕರೆದ. ಜುಗ್ಗ ಅಂದುಬಿಟ್ಟೆ ಅವನಿಗೆ ನಾನು."

ಆಗ ಅವಳು ಅಳಲಿಲ್ಲ. ಅತ್ತಿದ್ದರೆ ತಬ್ಬಿಕೊಂಡು ನಾನೂ ಅಳುತ್ತಿದ್ದೆ. ಅವಳು ಫೋನಿನ ಹತ್ತಿರ ಬಗ್ಗಿ, ದಿನಾ ಮಾತಾಡುವ ದನಿಯಲ್ಲೇ ಹೇಳಿದಳು: "ಗ್ವೆನ್, ಆಂಬ್ಯುಲೆನ್ಸ್ ಕಳಿಸು. ಬಣ್ಣದ ಶೆಡ್ಡಿಗೆ."

ಯಾರಿಗೆ ಏನಾಗಿದೆ ಅಂತ ಗ್ವೆನ್ ಮೂಗು ಸೇದುತ್ತಾ ಕೇಳಿದಳು. ಕಳಿಸು ಅಂತ ಇವಳು ಮತ್ತೊಂದು ಸಲ ಹೇಳಿದಳು ಅಷ್ಟೇ. ಆ ಶೆಡ್ಡಿಗೆ ಎರಡನೇ ಸಲವೂ ಕಳಿಸದೆ ಇರಲು ಗ್ವೆನ್‌ಗೆ ಯಾವ ಮುಖ ಉಳಿದಿತ್ತು? ಕಳಿಸಿದಳು. ದೊಡ್ಡ ಶೆಡ್ಡಿನಲ್ಲಿ ಪೇಜರ್‌ಗಳು ಕೂಗಿದ್ದು ನಮಗೆ ಗೋಡೆಯ ಆಚೆಯಿಂದ ಕೇಳಿಸಿತು, ಹಿಂದೆಯೇ ಬೂಟುಗಳು ದಡಬಡ ಓಡಿದ್ದೂ ಕೇಳಿಸಿತು.

ಲೆನೋರಾ ಎದ್ದು ಹೊರಟಳು. ಕೋಟು ಹಾಕಲಿಲ್ಲ, ಗಾಳಿ ಚಾಕುವಿನ ಹಾಗಿತ್ತು. ನಾನು ಹಿಂದೆಯೇ ಓಡಿದೆ. ಹಳಿ ದಾಟಿ ಬಣ್ಣದ ಶೆಡ್ಡಿನ ಬಾಗಿಲಲ್ಲಿ ಹೋಗಿ ನಿಂತಳು. ಒಳಗಿದ್ದ ಕಾಲಿನ್ ಏನಾಯ್ತು ಮೇಡಂ ಅಂತ ಕೇಳಿದ್ದಕ್ಕೆ ಅವನ ಕಡೆ ನೋಡಲೂ ಇಲ್ಲ. ನಾನು ಅವಳ ತೋಳು ಹಿಡಿದು ಮನೆಗೆ ಹೋಗೋಣ ಬಾ ಅಂತ ಗೋಗರೆದೆ. ತೋಳು ಕೊಡವಿಕೊಂಡಳು. ಅವಳ ಕಣ್ಣು ರಸ್ತೆಯ ಮೇಲೇ ನೆಟ್ಟಿತ್ತು.

ಉಸಿರು ಹಿಡಿದು ನಿಂತರೆ ಆ ಉಸಿರು ಮುಗಿಯುವುದರೊಳಗೆ ಬಂದಂತೆ ಅನ್ನಿಸಿತು ನನಗೆ. ಸೈರನ್ ಕೇಳಿಸಿತು, ತಿರುವಿನಲ್ಲಿ ಕೆಂಪು ದೀಪ ಕಾಣಿಸಿತು, ಗಾಡಿ ಹಳಿಯ ಮೇಲೆ ಎಗರಿ ನಮ್ಮ ಮುಂದೆಯೇ ನಿಂತಿತು. ಹಿಂದಿನ ಬಾಗಿಲು ತೆಗೆದು ವರ್ಲಿನ್ ಧುಮುಕಿದ, ಒಂದು ಕೈಯಲ್ಲಿ ಎದೆಗೆ ಶಾಕ್ ಕೊಡುವ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಆಮ್ಲಜನಕದ ಸಿಲಿಂಡರು. ಬ್ಯಾಂಕಿನ ಗುಮಾಸ್ತ ಸ್ಟ್ರೆಚರ್ ಎಳೆದ. ಯಾರು, ಎಲ್ಲಿ ಅಂತ ಕೂಗುತ್ತಾ ಬಂದ ವರ್ಲಿನ್ ಲೆನೋರಾಳನ್ನು ಕಂಡು ನಿಂತುಬಿಟ್ಟ. ಅವಳ ಹಿಂದೆ ನಿಂತಿದ್ದ ನನ್ನ ಮುಖ ನೋಡಿದ. ಅವನಿಗೆ ಗೊತ್ತಾಯಿತು.

"ಇಷ್ಟು ಬೇಗ ಬರ್ತೀರಾ ನೀವು?" ಅಂದಳು ಲೆನೋರಾ.

ಒಳಗೆ ಆ ಸುಡುಗಾಡು ಫ್ಯಾನು ಬಡಿದುಕೊಳ್ಳುತ್ತಲೇ ಇತ್ತು. ಕಾಲಿನ್ ಹೋಗಿ ಅದನ್ನು ಆರಿಸಿದ.

ಡೆಲ್ಬರ್ಟ್ ಎಲ್ಲಿ ಬಿದ್ದಿದ್ದ ಅಂತ ಅವಳು ವರ್ಲಿನ್ನನನ್ನು ಕೇಳಿದಳು. ಅವನು ಬೆರಳು ತೋರಿಸಿದ. ಎಲ್ಲಿಂದ ಎಲ್ಲಿಗೆ ತೆವಳಿದ ಅಂತ ಕೇಳಿದಳು. ಅದನ್ನೂ ತೋರಿಸಿದ. ಅವಳು ಆ ಉದ್ದವನ್ನು ಕಣ್ಣಿನಲ್ಲೇ ನಡೆದು ಬಂದು, ಆಮೇಲೆ ಅವನ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡಿದಳು.

"ಅವತ್ತು ಇದನ್ನ ತಗೊಂಡು ನೀನು ಹಿಂಗೇ ಬಂದಿದ್ರೆ ಬದುಕ್ತಿದ್ನಾ ವರ್ಲಿನ್?"

ಇಲ್ಲ ಅನ್ನು ಅಂತ ನಾನು ಅವಳ ಬೆನ್ನ ಹಿಂದಿನಿಂದ ತಲೆ ಆಡಿಸಿದೆ, ಕೈ ಮುಗಿದೆ. ನನ್ನ ಗಂಡ ನನ್ನನ್ನು ನೋಡಿದ, ಅವಳನ್ನು ನೋಡಿದ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಬದುಕ್ತಿದ್ದ ಅನ್ಸುತ್ತೆ," ಅಂದ.

ಲೆನೋರಾ ಶೆಡ್ಡಿನ ಒಳಗೆ ಹೋದಳು. ವರ್ಲಿನ್ ತೋರಿಸಿದ ಜಾಗದಲ್ಲಿ, ಆ ಬಿಳಿ ಪುಡಿಯ ಮೇಲೆ, ಗೋಡೆಗೆ ಒರಗಿ ಕೂತಳು. ಎತ್ತಿ ಕರಕೊಂಡು ಬರೋಣ ಅಂತ ನಾನು ಹೋದೆ, ಮುಟ್ಟಬೇಡ ಅಂದಳು. ಹೊರಗೆ ಗಾಡಿಯ ದೀಪ ಸುತ್ತುತ್ತಲೇ ಇತ್ತು, ಸ್ಟ್ರೆಚರ್ ಹಿಡಿದವರು ಅದನ್ನು ವಾಪಸು ಒಳಗಿಡಬೇಕೋ ಬೇಡವೋ ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು.